ಓಲೆಕಾರರ ಒಂದು ಮನೆತನ

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದಿರಿಸಿದ ಲಜ್ಜಾಗೌರಿಯ ವಿಗ್ರಹವಿದೆ. ದೇವಿಗೆ ಮುಖವಿಲ್ಲ, ಶಿರಸ್ಸಿನ ಸ್ಥಾನದಲ್ಲಿ ಅರಳಿದ ಕಮಲವಿದೆ, ದೇಹವು ಪ್ರಸವದ ಭಂಗಿಯಲ್ಲಿದೆ. ಐಹೊಳೆಯ ಸಮೀಪದ ಸಿದ್ಧನಕೊಳ್ಳದಲ್ಲಿಯೂ ಈ ದೇವಿಯ ಮೂರ್ತಿಯುಂಟು. ಮಕ್ಕಳನ್ನು ಬೇಡುವ ದಂಪತಿಗಳು ಇಂದಿಗೂ ಹರಕೆ ಹೊತ್ತು ಅಲ್ಲಿಗೆ ಹೋಗುತ್ತಾರೆ. ಚಾಲುಕ್ಯರ ಕಾಲದ ಶಿಲ್ಪಿಗಳು ಸಂತಾನಶಕ್ತಿಯನ್ನು ಹೂವಿನ ರೂಪದಲ್ಲಿ ಕಂಡರು. ಒಂದೇ ಒಂದು ಜೀವಕೋಶದಿಂದ ಕೈಕಾಲು, ಕಣ್ಣು, ಹೃದಯಗಳುಳ್ಳ ಕೂಸು ಹೇಗೆ ಮೂಡುತ್ತದೆಂಬುದನ್ನು ಕಾಣುವ ಸಾಧನ ಅವರ ಬಳಿ ಇರಲಿಲ್ಲ. ಕಳೆದ ನೂರು ವರ್ಷಗಳಲ್ಲಿ ಅಂಥ ಸಾಧನಗಳು ಬಂದಿವೆ. ಅವು ತೋರಿಸಿಕೊಟ್ಟ ಸಂಗತಿಗಳಲ್ಲಿ ಒಂದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ಸಂಗತಿ ಇದು: ಸಂತಾನಶಕ್ತಿಗೆ ಒಂದು ಕಾರಣ, ಭ್ರೂಣದ ಬೆಳವಣಿಗೆಗೆ ಮತ್ತೊಂದು ಕಾರಣ, ಅರ್ಬುದವು, ಅಂದರೆ ಕ್ಯಾನ್ಸರ್ ರೋಗವು, ದೇಹದ ತುಂಬ ಹರಡುವುದಕ್ಕೆ ಇನ್ನೊಂದು ಕಾರಣ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಜೀವಕೋಶಗಳು ಪರಸ್ಪರ ಕಳುಹಿಸುವ ಅವೇ ಕೆಲವು ಸಂದೇಶಗಳು ಈ ಮೂರು ಕಡೆಯಲ್ಲಿಯೂ ಕೆಲಸ ಮಾಡುತ್ತಿರುತ್ತವೆ.

ಕಲಾವಿಭಾಗದ ವಿದ್ಯಾರ್ಥಿನಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದಕಾರಣ ಓಣಿಯವರ ಆಸ್ಪತ್ರೆಯ ಚೀಟಿಗಳೆಲ್ಲ ನನ್ನ ಬಳಿಗೆ ಬರುತ್ತವೆ. "ನೋಡವಾ, ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳು" ಎನ್ನುತ್ತಾರೆ. ಕಳೆದ ವರ್ಷ ಒಂದೇ ತಿಂಗಳಲ್ಲಿ ಎರಡು ಚೀಟಿಗಳು ಬಂದವು. ಒಂದು, ಮದುವೆಯಾಗಿ ಆರು ವರ್ಷ ಕಳೆದರೂ ಮಕ್ಕಳಾಗದ ಒಬ್ಬ ಅಕ್ಕನದು; ಅದರಲ್ಲಿ 'ಎ.ಎಂ.ಎಚ್.' ಎಂಬ ಅಕ್ಷರಗಳೂ ಅದರ ಮುಂದೆ ಒಂದು ಅಂಕಿಯೂ ಇದ್ದವು. ಇನ್ನೊಂದು, ಬಾಯಿಯನ್ನು ಪೂರ್ತಿ ತೆರೆಯಲಾರದ ಒಬ್ಬ ಕಾಕಾನದು. ಅದರಲ್ಲಿ 'ಫೈಬ್ರೋಸಿಸ್' ಎಂದು ಬರೆದಿತ್ತು. ಅಕ್ಷರಗಳನ್ನು ಓದಿ ಹೇಳುವುದು ಸುಲಭ. ಅವರು ಕೇಳಿದ್ದು ಅರ್ಥವನ್ನು. ಆ ಅರ್ಥವನ್ನು ಹುಡುಕುತ್ತ ಹೋದಂತೆ ಎರಡೂ ಚೀಟಿಗಳು ಒಂದೇ ಮನೆತನದ ಬಾಗಿಲಿಗೆ ನನ್ನನ್ನು ತಂದು ನಿಲ್ಲಿಸಿದವು.

ಓಲೆ ತಲಪುವ ಬಗೆ

ಹಿಂದೆ ನಮ್ಮ ಕಡೆಯ ಹಳ್ಳಿಗಳಲ್ಲಿ ವಾಲೀಕಾರನೆಂಬ ಗ್ರಾಮಸೇವಕನಿರುತ್ತಿದ್ದನು. ಓಲೆಕಾರ ಎಂಬ ಮಾತೇ ಜನರ ಬಾಯಲ್ಲಿ ವಾಲೀಕಾರ ಎಂದಾಗಿದೆ. ಊರಿನ ಸುದ್ದಿಯನ್ನು, ಸರಕಾರದ ಆಜ್ಞೆಯನ್ನು ತಲಪಬೇಕಾದವರಿಗೆ ತಲಪಿಸುವುದು ಅವನ ಕಾಯಕ. ದೇಹದಲ್ಲಿಯೂ ಇಂತಹ ಓಲೆಕಾರರಿದ್ದಾರೆ. ಅವರಲ್ಲಿ ಬಹುಮಂದಿ ಪ್ರೋಟೀನ್ ಅಣುಗಳು. ಒಂದು ಕೋಶವು ಅಂತಹ ಅಣುವನ್ನು ಹೊರಗೆ ಬಿಡುತ್ತದೆ. ಮತ್ತೊಂದು ಕೋಶದ ಮೈಮೇಲಿರುವ ಗ್ರಾಹಕವೆಂಬ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ. ಓಲೆಕಾರನು ಊರೊಳಗೆ ಕಾಲಿಡುವುದಿಲ್ಲ. ಅಗಸಿಯಲ್ಲಿಯೇ ಓಲೆಯನ್ನು ಕೊಟ್ಟುಬಿಡುತ್ತಾನೆ. ಅಗಸಿಯ ಒಳಗಿನ ಆಳುಗಳು ಅದನ್ನು ಚಾವಡಿಗೆ, ಎಂದರೆ ಕೋಶಕೇಂದ್ರಕ್ಕೆ, ಒಯ್ಯುತ್ತಾರೆ. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ತೀರ್ಮಾನ ಅಲ್ಲಿ ಆಗುತ್ತದೆ.

ನಾನು ಹೇಳಹೊರಟಿರುವ ಓಲೆಕಾರ ಮನೆತನದ ಹೆಸರು ಟಿ.ಜಿ.ಎಫ್.-ಬೀಟಾ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮೈಕೇಲ್ ಸ್ಪೋರ್ನ್ ಮತ್ತು ಅನಿತಾ ರಾಬರ್ಟ್ಸ್ ಎಂಬ ವಿಜ್ಞಾನಿಗಳೂ ಅವರ ಸಂಗಡಿಗರೂ ೧೯೮೦ರ ದಶಕದ ಆರಂಭದಲ್ಲಿ ಇದರ ಮೂಲ ಪ್ರೋಟೀನನ್ನು ಶುದ್ಧಗೊಳಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸಾಧಾರಣ ಕೋಶಗಳು ಇದರ ಸಂಪರ್ಕದಿಂದ ಅರ್ಬುದದ ಕೋಶಗಳಂತೆ ವರ್ತಿಸತೊಡಗಿದ್ದರಿಂದ 'ರೂಪಾಂತರಗೊಳಿಸುವ ಬೆಳವಣಿಗೆಯ ಅಂಶ' ಎಂಬ ಅರ್ಥದ ಹೆಸರನ್ನು ಇಟ್ಟರು. ಮುಂದೆ ಇದಕ್ಕೆ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಗೊತ್ತಾಗುತ್ತ ಬಂದರು. ಇಂದು ಮನುಷ್ಯನ ದೇಹದಲ್ಲಿ ಈ ಮನೆತನಕ್ಕೆ ಸೇರಿದ ೩೦ಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತಿಸಿದ್ದಾರೆ. ಅಗಸಿಯಿಂದ ಚಾವಡಿಗೆ ಇವರ ಓಲೆಯನ್ನು ಒಯ್ಯುವ ಆಳುಗಳಿಗೆ ಸ್ಮ್ಯಾಡ್ ಎಂದು ಹೆಸರು.

ಓಲೆ ಒಂದೇ ಆದರೆ ಫಲ ಬೇರೆ ಬೇರೆಯಾಗುವುದು ಹೇಗೆ? ಬನಶಂಕರಿಯ ಜಾತ್ರೆಯನ್ನು ನೆನೆಯೋಣ. ತೇರು ಕದಲುವ ಹೊತ್ತಿಗೆ ಏಳುವ ಜಯಘೋಷ ಎಲ್ಲರ ಕಿವಿಗೂ ಒಂದೇ. ಆದರೆ ಹಗ್ಗ ಹಿಡಿದವನು ಎಳೆಯುತ್ತಾನೆ. ಗಾಲಿಯ ಬಳಿ ನಿಂತವನು ಹಿಂದೆ ಸರಿಯುತ್ತಾನೆ. ದೂರದಲ್ಲಿರುವವಳು ಉತ್ತತ್ತಿಯನ್ನೋ ಬಾಳೆಹಣ್ಣನ್ನೋ ತೇರಿನತ್ತ ಎಸೆಯುತ್ತಾಳೆ. ಕೇಳಿದವರು ಯಾರು, ಎಲ್ಲಿ ನಿಂತಿದ್ದಾರೆ ಎಂಬುದರಿಂದ ಮಾತಿನ ಫಲ ನಿಶ್ಚಯವಾಗುತ್ತದೆ. ಜೀವಕೋಶಗಳ ರೀತಿಯೂ ಇದೇ.

ಸಂತಾನ

ಅಕ್ಕನ ಚೀಟಿಯಲ್ಲಿದ್ದ ಎ.ಎಂ.ಎಚ್. ಈ ಮನೆತನದ ಒಬ್ಬ ಓಲೆಕಾರ. ಇದರ ಇರವನ್ನು ಮೊದಲು ಊಹಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. ಎಳೆಯ ಭ್ರೂಣದಲ್ಲಿ, ಅದು ಗಂಡಾಗಲಿ ಹೆಣ್ಣಾಗಲಿ, ಮುಂದೆ ಗರ್ಭಾಶಯವಾಗಬಲ್ಲ ಒಂದು ಜೊತೆ ನಾಳಗಳಿರುತ್ತವೆ. ಜೋಸ್ಟರು ೧೯೪೦ರ ದಶಕದಲ್ಲಿ ಮೊಲದ ಗಂಡು ಭ್ರೂಣಗಳ ವೃಷಣವನ್ನು ತಾಯಿಯ ಗರ್ಭದಲ್ಲಿರುವಾಗಲೇ ತೆಗೆದು ನೋಡಿದರು. ಆ ಭ್ರೂಣಗಳಲ್ಲಿ ಹೆಣ್ಣಿನ ಅಂಗಗಳು ಬೆಳೆದವು. ಗಂಡು ಹಾರ್ಮೋನನ್ನು ಮಾತ್ರ ಕೊಟ್ಟಾಗ ಆ ನಾಳಗಳು ಕರಗಲಿಲ್ಲ. ಆದುದರಿಂದ ವೃಷಣವು ಬೇರೊಂದು ವಸ್ತುವನ್ನೂ ಕಳುಹಿಸುತ್ತಿರಬೇಕೆಂದು ಅವರು ತರ್ಕಿಸಿದರು. ಆ ವಸ್ತುವೇ ಎ.ಎಂ.ಎಚ್. ೧೯೮೬ರಲ್ಲಿ ಇದರ ಜೀನನ್ನು ಬಿಡಿಸಿ ಓದಿದಾಗ ಇದು ಟಿ.ಜಿ.ಎಫ್.-ಬೀಟಾದ ಬಂಧುವೆಂದು ತಿಳಿಯಿತು.

ಬೆಳೆದ ಹೆಣ್ಣಿನಲ್ಲಿ ಅಂಡಾಶಯದ ಚಿಕ್ಕ ಅಂಡಕೋಶಿಕೆಗಳು ಇದೇ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಅಂಕಿ ಕಡಿಮೆಯಾಗಿದ್ದರೆ ಉಳಿದಿರುವ ಅಂಡಗಳ ಸಂಖ್ಯೆ ಕಡಿಮೆಯಾಗಿರಬಹುದೆಂದು ವೈದ್ಯರು ಎಣಿಸುತ್ತಾರೆ. ಅದು ಸಂಖ್ಯೆಯ ಅಂದಾಜು ಮಾತ್ರ. ಆಕೆ ತಾಯಿಯಾಗಲಾರಳೆಂಬ ತೀರ್ಪು ಆ ಅಂಕಿಯಲ್ಲಿಲ್ಲ. ಆದರೆ ಅಕ್ಕನ ಮನೆಯಲ್ಲಿ ಚೀಟಿ ಬರುವುದಕ್ಕೆ ಮೊದಲೇ ತೀರ್ಪು ಬಂದಿತ್ತು. 'ಬಂಜೆ' ಎಂಬ ಮಾತನ್ನು ಆಕೆ ಹಬ್ಬಹುಣ್ಣಿಮೆಗಳಲ್ಲಿ, ಉಡಿ ತುಂಬುವ ಕಾರ್ಯಗಳಲ್ಲಿ ಕೇಳುತ್ತಲೇ ಇದ್ದಳು. ಆಕೆ ತಂದ ಚೀಲದಲ್ಲಿ ಏಳೆಂಟು ಚೀಟಿಗಳಿದ್ದವು. ಗಂಡನ ಹೆಸರಿನ ಚೀಟಿ ಒಂದೂ ಇರಲಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ವೀರ್ಯಪರೀಕ್ಷೆ ಎಲ್ಲಕ್ಕಿಂತ ಸರಳವಾದುದು, ಖರ್ಚೂ ಕಡಿಮೆ.

ಇದೇ ಮನೆತನದ ಇನ್‌ಹಿಬಿನ್ ಎಂಬುದು ಅಂಡಾಶಯದಿಂದಲೂ ವೃಷಣದಿಂದಲೂ ಹೊರಟು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ 'ಎಫ್.ಎಸ್.ಎಚ್. ಸಾಕು' ಎಂದು ಹೇಳುತ್ತದೆ; ಅದರ ಬಂಧುವಾದ ಆಕ್ಟಿವಿನ್ 'ಇನ್ನೂ ಬೇಕು' ಎನ್ನುತ್ತದೆ. ಎಫ್.ಎಸ್.ಎಚ್. ಹಾರ್ಮೋನಿನ ಮಹತ್ವವನ್ನು ತಿಳಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರು ಪ್ರಮುಖರು. ದಕ್ಷಿಣ ಭಾರತದ ಸಾಮಾನ್ಯ ಕೋತಿಗಳಲ್ಲಿ ಈ ಹಾರ್ಮೋನನ್ನು ಪ್ರತಿಕಾಯಗಳಿಂದ ತಡೆದಾಗ ಗಂಡುಕೋತಿಗಳ ವೀರ್ಯಾಣುಗಳು ಬಹಳ ಕಡಿಮೆಯಾದುದನ್ನು ಅವರು ತೋರಿಸಿದರು. ಸಂತಾನಶಕ್ತಿ ಹೆಣ್ಣಿನೊಬ್ಬಳ ಪಾಲಿನ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಭ್ರೂಣ

ಇನ್ನು ಭ್ರೂಣದ ಕಡೆಗೆ ಬರೋಣ. ೧೯೨೪ರಲ್ಲಿ ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್ ಅವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನ್ಯೂಟ್ ಎಂಬುದು ಕಪ್ಪೆಯ ದೂರದ ಬಂಧುವಾದ, ಬಾಲವುಳ್ಳ ಜಲಚರ. ಬಣ್ಣವಿಲ್ಲದ ನ್ಯೂಟ್ ಭ್ರೂಣದ ಒಂದು ಚೂರನ್ನು ಕತ್ತರಿಸಿ ಬಣ್ಣವುಳ್ಳ ಮತ್ತೊಂದು ಭ್ರೂಣದ ಹೊಟ್ಟೆಯ ಕಡೆ ಕಸಿಮಾಡಿದರು. ಆ ಜಾಗದಲ್ಲಿ ಎರಡನೆಯದೊಂದು ಭ್ರೂಣವೇ ಬೆಳೆಯತೊಡಗಿತು. ಅದರ ಬೆನ್ನುಹುರಿಯ ಬಹುಭಾಗ ಕಸಿಮಾಡಿದ ಚೂರಿನಿಂದ ಆದುದಾಗಿರಲಿಲ್ಲ. ಸುತ್ತಲಿನ ಕೋಶಗಳೇ ಆ ಚೂರಿನ ಮಾತು ಕೇಳಿ ನರಕೋಶಗಳಾಗಿದ್ದವು. ಈ ಕೆಲಸಕ್ಕೆ ಸ್ಪೆಮಾನ್ ಅವರಿಗೆ ೧೯೩೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪ್ರಯೋಗವನ್ನು ಕೈಯಾರೆ ಮಾಡಿದ ಹಿಲ್ಡೆ ೧೯೨೪ರಲ್ಲಿಯೇ, ೨೫ನೆಯ ವಯಸ್ಸಿನಲ್ಲಿ, ಮನೆಯ ಒಲೆಯ ಬೆಂಕಿ ತಗುಲಿ ತೀರಿಕೊಂಡಿದ್ದರು.

ಆ ಚೂರು ಆಡಿದ ಮಾತು ಯಾವುದೆಂಬುದು ತಿಳಿಯಲು ೧೯೯೦ರ ದಶಕದವರೆಗೆ ಕಾಯಬೇಕಾಯಿತು. ಟಿ.ಜಿ.ಎಫ್.-ಬೀಟಾ ಮನೆತನದ ಬಿ.ಎಂ.ಪಿ. ಎಂಬ ಓಲೆಕಾರರು ಭ್ರೂಣದ ಹೊರಪದರಕ್ಕೆ 'ಚರ್ಮವಾಗು' ಎನ್ನುತ್ತಿರುತ್ತಾರೆ. ಆ ಚೂರಿನಿಂದ ಹೊರಟ ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಅವರನ್ನು ದಾರಿಯಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ಓಲೆ ತಲಪದ ಕಡೆ ಚರ್ಮವಾಗಬೇಕಾಗಿದ್ದ ಕೋಶಗಳು ಮಿದುಳೂ ಬೆನ್ನುಹುರಿಯೂ ಆಗುತ್ತವೆ.

ನಮ್ಮ ಬೆರಳುಗಳು ಬಿಡಿಬಿಡಿಯಾಗಿರುವುದೂ ಈ ಬಿ.ಎಂ.ಪಿ.ಯಿಂದಲೇ. ಭ್ರೂಣದ ಅಂಗೈ ಮೊದಲು ಹುಟ್ಟಿನಂತೆ ಒಂದೇ ಹಲಗೆಯಾಗಿರುತ್ತದೆ. ಬೆರಳುಗಳ ನಡುವಣ ಕೋಶಗಳಿಗೆ ಸಾಯುವ ಆಜ್ಞೆ ತಲಪಿ ಅವು ಕರಗಿಹೋಗುತ್ತವೆ. ಬಾತುಕೋಳಿಯ ಕಾಲಿನಲ್ಲಿ ಈ ಆಜ್ಞೆಯನ್ನು ಬೇರೊಂದು ಪ್ರೋಟೀನು ತಡೆಯುವುದರಿಂದ ಬೆರಳುಗಳ ನಡುವೆ ಚರ್ಮ ಉಳಿದು ಈಜಲು ಅನುಕೂಲವಾಗುತ್ತದೆ. ಇದೇ ಮನೆತನದ ನೋಡಲ್ ಎಂಬುದು ಭ್ರೂಣದ ಎಡಭಾಗದಲ್ಲಿ ಮಾತ್ರ ಕಾಣಿಸಿಕೊಂಡು ಎಡಬಲಗಳ ಭೇದವನ್ನು ಗೊತ್ತುಮಾಡುತ್ತದೆ. ಹೃದಯ ಎಡಕ್ಕೆ ವಾಲಿರುವುದು ಅದರ ಫಲ.

ಭ್ರೂಣದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಒತ್ತಾಗಿ ಹೊಂದಿಕೊಂಡಿರುವ ಹೊದಿಕೆಕೋಶಗಳಲ್ಲಿ ಕೆಲವು ತಮ್ಮ ನಂಟನ್ನು ಬಿಡಿಸಿಕೊಂಡು, ಆಕಾರ ಬದಲಾಯಿಸಿ, ದೂರ ನಡೆದುಹೋಗಿ ಬೇರೆ ಅಂಗಗಳನ್ನು ಕಟ್ಟುತ್ತವೆ. ಇಲಕಲ್ಲ ಸೀರೆ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ನೇಕಾರರು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೋಶಗಳ ನಡುವೆಯೂ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ಕೊಂಡಿಗಳಿವೆ. ಟಿ.ಜಿ.ಎಫ್.-ಬೀಟಾದಂತಹ ಓಲೆ ಬಂದಾಗ ಕೆಲವು ಕೋಶಗಳು ಆ ಕೊಂಡಿಯನ್ನು ಬಿಚ್ಚಿಕೊಳ್ಳುತ್ತವೆ. ಭ್ರೂಣದ ಹೊದಿಕೆಕೋಶಗಳು ಹೀಗೆ ಅಲೆಮಾರಿಗಳಾಗುವುದನ್ನು ೧೯೮೦ರ ದಶಕದ ಆರಂಭದಲ್ಲಿ ಸ್ಪಷ್ಟವಾಗಿ ವಿವರಿಸಿದವರು ಅಮೆರಿಕದ ಎಲಿಜಬೆತ್ ಹೇ. ಭ್ರೂಣದಲ್ಲಿ ಈ ಪ್ರಯಾಣಕ್ಕೆ ಹೊತ್ತು ಗೊತ್ತಿದೆ, ಗುರಿ ಗೊತ್ತಿದೆ. ಗುರಿ ತಲಪಿದ ಕೋಶ ಅಲ್ಲಿ ನೆಲೆಯೂರುತ್ತದೆ.

ಅರ್ಬುದ

ಅರ್ಬುದದ ಗಡ್ಡೆಗಿಂತ ಅದರ ಹರಡುವಿಕೆಯೇ ಹೆಚ್ಚು ಪ್ರಾಣಘಾತಕವೆಂಬುದು ವೈದ್ಯರೆಲ್ಲರ ಅನುಭವ. ಹರಡುವುದೆಂದರೆ ಗಡ್ಡೆಯ ಕೋಶಗಳು ಕೊಂಡಿ ಕಳಚಿ, ರಕ್ತದಲ್ಲಿ ಸೇರಿ, ದೂರದಲ್ಲಿ ನೆಲೆ ಹುಡುಕುವುದು. ಭ್ರೂಣದ ಕೋಶಗಳು ತುಳಿದ ದಾರಿಯನ್ನೇ ಅರ್ಬುದದ ಕೋಶಗಳೂ ಹಿಡಿಯುತ್ತವೆ. ಆದರೆ ಅವಕ್ಕೆ ಹೊತ್ತೂ ಇಲ್ಲ, ಗುರಿಯೂ ಇಲ್ಲ.

ಇಲ್ಲಿ ಟಿ.ಜಿ.ಎಫ್.-ಬೀಟಾದ ನಡತೆ ಎರಡು ಬಗೆ. ಆರೋಗ್ಯವಂತ ಹೊದಿಕೆಕೋಶಕ್ಕೆ ಅದು 'ಬೆಳೆದದ್ದು ಸಾಕು' ಎನ್ನುತ್ತದೆ. ಎಂದರೆ ಕಾವಲುಗಾರನ ಕೆಲಸ ಮಾಡುತ್ತದೆ. ಅರ್ಬುದದ ಕೋಶವು ಕಾಲಕ್ರಮದಲ್ಲಿ ಆ ಮಾತಿಗೆ ಕಿವುಡಾಗುತ್ತದೆ. ಮೇದೋಜೀರಕ ಗ್ರಂಥಿಯ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಓಲೆ ಒಯ್ಯುವ ಸ್ಮ್ಯಾಡ್-೪ ಎಂಬ ಆಳೇ ಕೆಲಸ ಕಳೆದುಕೊಂಡಿರುತ್ತಾನೆ. 'ಸಾಕು' ಎಂಬುದು ಕೇಳಿಸದೆ 'ನಡೆ' ಎಂಬುದು ಮಾತ್ರ ಕೇಳಿಸುವ ಕೋಶಕ್ಕೆ ಅದೇ ಓಲೆಕಾರ ದಾರಿತೋರುವವನಾಗಿಬಿಡುತ್ತಾನೆ.

ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ ೧೮೮೯ರಲ್ಲಿಯೇ ಅರ್ಬುದದ ಕೋಶವನ್ನು ಬೀಜಕ್ಕೂ, ಅದು ನೆಲೆಸುವ ಅಂಗವನ್ನು ಮಣ್ಣಿಗೂ ಹೋಲಿಸಿದ್ದರು. ಎಲ್ಲ ಬೀಜವೂ ಎಲ್ಲ ಮಣ್ಣಿನಲ್ಲಿ ಮೊಳೆಯದೆಂಬುದನ್ನು ನಮ್ಮ ಒಕ್ಕಲಿಗರಿಗೆ ಹೇಳಬೇಕಾಗಿಲ್ಲ. ಎರೆಭೂಮಿಯಲ್ಲಿ ಬರುವ ಬಿಳಿಜೋಳ ಮಸಾರಿಯಲ್ಲಿ ಹಾಗೆಯೇ ಬಂದೀತೆ? ಸ್ತನದ ಅರ್ಬುದ ಎಲುಬಿನಲ್ಲಿ ನೆಲೆಸುವುದು ಹೆಚ್ಚು. ಎಲುಬಿನಲ್ಲಿ ಟಿ.ಜಿ.ಎಫ್.-ಬೀಟಾ ಕೂಡಿಟ್ಟ ಗೊಬ್ಬರದಂತೆ ಇರುತ್ತದೆ. ಅರ್ಬುದವು ಎಲುಬನ್ನು ಕರಗಿಸಿದಾಗ ಅದು ಬಿಡುಗಡೆಯಾಗಿ ಅರ್ಬುದವನ್ನೇ ಪೋಷಿಸುತ್ತದೆ.

ಈ ಓಲೆಯನ್ನೇ ತಡೆಯುವ ಔಷಧ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಮಾಡಿ ನೋಡಿದ್ದಾರೆ, ನೋಡುತ್ತಲೂ ಇದ್ದಾರೆ. ಆದರೆ ಕಾವಲುಗಾರನೂ ದಾರಿತೋರುವವನೂ ಒಬ್ಬನೇ ಆದಾಗ ಒಬ್ಬನನ್ನು ಕಟ್ಟಿಹಾಕಿ ಇನ್ನೊಬ್ಬನನ್ನು ಉಳಿಸಿಕೊಳ್ಳುವುದು ಕಷ್ಟ. ಈ ಪ್ರೋಟೀನಿನ ಅಧ್ಯಯನಕ್ಕೆ ಬಾಳನ್ನು ಮುಡಿಪಾಗಿಟ್ಟ ಅನಿತಾ ರಾಬರ್ಟ್ಸ್ ಅವರೇ ೨೦೦೬ರಲ್ಲಿ ಜಠರದ ಅರ್ಬುದದಿಂದ ತೀರಿಕೊಂಡರು. ಆದರೂ ಜ್ಞಾನ ವ್ಯರ್ಥವಾಗಿಲ್ಲ. ಈ ಮನೆತನದ ಕೆಲವು ಓಲೆಕಾರರನ್ನು ಹಿಡಿದಿಡುವ ಒಂದು ಔಷಧಕ್ಕೆ ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಥಲಸ್ಸೀಮಿಯಾ ಎಂಬ ರಕ್ತಹೀನತೆಯ ರೋಗಿಗಳಿಗೆ ಅದು ಉಪಯೋಗಕ್ಕೆ ಬಂದಿದೆ.

ಬೆಂಗಳೂರಿನ ಕೆಲಸ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತಾನೋತ್ಪತ್ತಿ, ಭ್ರೂಣದ ಬೆಳವಣಿಗೆ, ತಳಿವಿಜ್ಞಾನ ಈ ಮೂರನ್ನೂ ತನ್ನ ಹೆಸರಿನಲ್ಲಿಯೇ ಹೊತ್ತಿದ್ದ ವಿಭಾಗವೊಂದು ಬಹುಕಾಲ ನಡೆಯಿತು. ಅರ್ಬುದದ ಸಂಶೋಧಕರೂ ಅಲ್ಲಿಯೇ ಇದ್ದರು. ಇದು ಎಷ್ಟು ಯುಕ್ತವೆಂಬುದು ಮೇಲಿನ ವಿವರಗಳಿಂದ ತಿಳಿದೀತು.

ಅಲ್ಲಿ ಪೊಲಾನಿ ಬಿ. ಶೇಷಗಿರಿಯವರು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಎಳೆಯ ಭ್ರೂಣವು ಗರ್ಭಾಶಯಕ್ಕೆ ಅಂಟುವ ಮುನ್ನ ತನ್ನ ಹೊರಕವಚದಿಂದ ಬಿಡುಗಡೆಯಾಗುವುದನ್ನು ಅಭ್ಯಸಿಸಿದರು. ಕವಚವನ್ನು ಕರಗಿಸುವುದರಲ್ಲಿ ಕ್ಯಾಥೆಪ್ಸಿನ್ ಎಂಬ ಕಿಣ್ವಗಳ ಪಾತ್ರವಿದೆಯೆಂದು ಅವರ ಪ್ರಯೋಗಾಲಯ ತೋರಿಸಿತು. ಇದೇ ಬಗೆಯ ಕಿಣ್ವಗಳಿಂದ ಅರ್ಬುದವೂ ತನ್ನ ಸುತ್ತಲಿನ ಅಂಗಾಂಶವನ್ನು ಕೊರೆಯುತ್ತದೆ. ಅನ್ನಪೂರ್ಣಿ ರಂಗರಾಜನ್ ಅವರು ಸ್ತನದ ಅರ್ಬುದವನ್ನು ಅಭ್ಯಸಿಸುತ್ತಾರೆ. ನೆಲೆಯಿಂದ ಕಳಚಿದ ಸಾಧಾರಣ ಕೋಶ ಸಾಯುತ್ತದೆ. ಕಳಚಿದ ಅರ್ಬುದಕೋಶ ಎ.ಎಂ.ಪಿ.ಕೆ. ಎಂಬ ಒಳಗಿನ ಸಂದೇಶವಾಹಕದ ನೆರವಿನಿಂದ ಬದುಕಿಕೊಳ್ಳುತ್ತದೆಂದು ಅವರ ತಂಡ ಕಂಡುಕೊಂಡಿದೆ.

ನಮ್ಮ ಜಿಲ್ಲೆಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಪತುರು ಕೊಂಡಯ್ಯನವರ ಪ್ರಯೋಗಾಲಯದ್ದು. ಅಡಿಕೆಯ ಸಾರವನ್ನು ಹೊದಿಕೆಕೋಶಗಳಿಗೆ ಸೋಕಿಸಿದಾಗ ಆ ಕೋಶಗಳಲ್ಲಿ ಟಿ.ಜಿ.ಎಫ್.-ಬೀಟಾದ ಓಲೆ ಸಂಚಾರ ಎಚ್ಚರಗೊಳ್ಳುತ್ತದೆಂದು ಅವರೂ ಅವರ ಸಂಗಡಿಗರೂ ೨೦೧೨ರಲ್ಲಿ ಪ್ರಕಟಿಸಿದರು. ಬಾಯಿಯ ಒಳಗೆ ಹೀಗಾದಾಗ ಗ್ರಹಿಕೆಗೆ ಬರುವ ಫಲವೇ ಕಾಕಾನ ಚೀಟಿಯಲ್ಲಿದ್ದ ಫೈಬ್ರೋಸಿಸ್. ಗಾಯ ಮಾಯಿಸುವ ನಾರು ಗಾಯವಿಲ್ಲದ ಕಡೆಯೂ ಬೆಳೆದು ಕೆನ್ನೆ ಹಲಗೆಯಂತೆ ಬಿಗಿಯುತ್ತದೆ. ಕೆಲವರಲ್ಲಿ ಅದು ಮುಂದೆ ಅರ್ಬುದವಾಗುತ್ತದೆ. ಗರ್ಭದಲ್ಲಿ ಕೂಸನ್ನು ಕಟ್ಟುವ ಮನೆತನದ ಓಲೆಕಾರನನ್ನು, ಕರೆಯಬಾರದ ಹೊತ್ತಿನಲ್ಲಿ ಒಂದು ಅಡಿಕೆಯ ಚೂರು ಕರೆದು ತರುತ್ತದೆ.

ನಮ್ಮ ಪಾಲಿನ ಕರ್ತವ್ಯ

ಎಲೆಅಡಿಕೆ ನಮ್ಮಲ್ಲಿ ಮಂಗಳದ್ರವ್ಯ. ಕರ್ನಾಟಕ ಅಡಿಕೆಯನ್ನು ದೇಶದಲ್ಲೆಲ್ಲ ಹೆಚ್ಚು ಬೆಳೆಯುವ ರಾಜ್ಯ. ತಾಂಬೂಲ ಕೊಟ್ಟು ಕಳುಹಿಸುವ ಪದ್ಧತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ದಿನಕ್ಕೆ ಹತ್ತು ಪಾಕೀಟು ಹರಿದು ಬಾಯಿಗೆ ಸುರಿದುಕೊಳ್ಳುವುದು ತಾಂಬೂಲವಲ್ಲ. ತಂಬಾಕು ಸೇರದಿದ್ದರೂ ಬರಿಯ ಅಡಿಕೆಯೇ ಮನುಷ್ಯರಲ್ಲಿ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿತು. ಕರ್ನಾಟಕ ಸರಕಾರ ೨೦೧೩ರಲ್ಲಿ ಗುಟಕಾವನ್ನು ನಿಷೇಧಿಸಿತು. ಆಮೇಲೆ ಅಡಿಕೆ ಒಂದು ಪಾಕೀಟಿನಲ್ಲಿ, ತಂಬಾಕು ಇನ್ನೊಂದು ಪಾಕೀಟಿನಲ್ಲಿ ಬಂದು ಕೊಳ್ಳುವವನ ಅಂಗೈಯಲ್ಲಿ ಕೂಡಿಕೊಂಡವು. ಕಾನೂನು ಅಂಗಡಿಯವರೆಗೆ ಹೋಗಬಲ್ಲದು. ಅಂಗೈವರೆಗೆ ಹೋಗಬೇಕಾದುದು ನಮ್ಮ ವಿವೇಕ.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ತಮ್ಮ ಕೈಯ ಮೂರು ಬೆರಳುಗಳನ್ನು ಒಟ್ಟಿಗೆ ಹಿಡಿದು, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಬಾಯಿ ತೆರೆದು ಮುಂದಿನ ಹಲ್ಲುಗಳ ನಡುವೆ ಇರಿಸಿ ನೋಡಲಿ. ಸಾಧಾರಣವಾಗಿ ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ, ಕೆಂಪು ಚಟ್ನಿ ತಿಂದಾಗ ಮೊದಲಿಲ್ಲದ ಉರಿ ಈಗ ಕಾಣಿಸಿದರೆ, ಬಾಯಲ್ಲಿ ಬಿಳಿಯ ಮಚ್ಚೆಯಾಗಲಿ ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣಾಗಲಿ ಇದ್ದರೆ, ತಡಮಾಡದೆ ಸರಕಾರಿ ಆಸ್ಪತ್ರೆಯ ದಂತವೈದ್ಯರ ಬಳಿಗೆ ಹೋಗಬೇಕು. ಬಿಗಿದ ನಾರು ಮರಳಿ ಮೊದಲಿನಂತಾಗುವುದು ಕಷ್ಟ. ಆದರೆ ಚಟ ಬಿಟ್ಟರೆ ಅದು ಮುಂದುವರಿಯುವುದನ್ನು ತಡೆಯುವ ಆಸೆಯುಂಟು. ಕಾಕಾ ಅಡಿಕೆ ಬಿಟ್ಟಿದ್ದಾನೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಚೂರು ಚೂರಾಗಿ ತಿನ್ನುತ್ತಾನೆ.

ಇನ್ನೊಂದು ವಿನಂತಿ ನಮ್ಮ ಮಾತಿಗೆ ಸಂಬಂಧಿಸಿದ್ದು. 'ಬಂಜೆ' ಎಂಬ ಮಾತೂ, ಅರ್ಬುದವನ್ನು 'ಪೂರ್ವಜನ್ಮದ ಪಾಪ' ಎನ್ನುವ ಮಾತೂ ನಮ್ಮ ಮನೆಗಳಲ್ಲಿ ಅಕ್ಕಪಕ್ಕದಲ್ಲಿಯೇ ವಾಸವಾಗಿವೆ. ಎರಡೂ ರೋಗಿಯನ್ನೇ ಅಪರಾಧಿಯನ್ನಾಗಿ ಮಾಡುತ್ತವೆ. ಆತ ಅಥವಾ ಆಕೆ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿಸುತ್ತವೆ. ಕೋಶಗಳ ನಡುವಣ ಓಲೆ ತಪ್ಪಿದುದನ್ನು ಮನುಷ್ಯರ ನಡತೆ ತಪ್ಪಿದುದೆಂದು ತಿಳಿಯುವುದು ಅಜ್ಞಾನ. ಸಿದ್ಧನಕೊಳ್ಳಕ್ಕೆ ಗಂಡಹೆಂಡಿರು ಜೋಡಿಯಾಗಿ ಹೋಗುವ ಪದ್ಧತಿ ನಮ್ಮಲ್ಲಿದೆಯಲ್ಲ, ಹಾಗೆಯೇ ಆಸ್ಪತ್ರೆಗೂ ಜೋಡಿಯಾಗಿ ಹೋಗಲಿ. ಚೀಟಿಗಳು ಇಬ್ಬರ ಹೆಸರಿನಲ್ಲಿಯೂ ಬರಲಿ.

ವಿದ್ಯೆ ಕಲಿತವರು ಓಣಿಗೆ ಒಬ್ಬರಾದರೂ ಇಂದು ಇದ್ದಾರೆ. ಇಂಗ್ಲಿಷಿನ ಅಕ್ಷರಗಳನ್ನು ಓದಿ ಹೇಳಿದಷ್ಟರಿಂದ ನಮ್ಮ ಋಣ ತೀರುವುದಿಲ್ಲ. ಅದರ ಅರ್ಥವನ್ನು ಜನರ ಮಾತಿನಲ್ಲಿ, ಅವರ ಮನೆಯ ಕಟ್ಟೆಯ ಮೇಲೆ ಕುಳಿತು ತಿಳಿಸುವ ಕೆಲಸ ನಮಗಾಗಿ ಕಾದಿದೆ. ಆ ಕೆಲಸಕ್ಕೆ ಕಲೆ, ವಿಜ್ಞಾನವೆಂಬ ವಿಭಾಗಗಳ ಭೇದ ಬೇಡವೆಂದು ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.